ರಾಗಿ ಡಬ್ಬದಲ್ಲಿ ಫೋನು, ಹಟ್ಟಿಯಲ್ಲಿ ನನ್ನ ದನಿ

ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನನ್ನ ಫೋನು ರಾಗಿ ಡಬ್ಬದೊಳಗೆ ಇರುತ್ತಿತ್ತು. ಮೇಜಿನ ಡ್ರಾಯರಿನಲ್ಲಿಟ್ಟರೆ ಕೈ ತಾನಾಗಿಯೇ ಅತ್ತ ಹೋಗಿಬಿಡುತ್ತದೆ. ರಾಗಿ ಡಬ್ಬವಾದರೆ ಎದ್ದು ಅಡುಗೆಮನೆಗೆ ಹೋಗಬೇಕು, ಮುಚ್ಚಳ ತೆಗೆಯಬೇಕು, ಮೊಣಕೈವರೆಗೆ ಕೈ ಹಾಕಿ ತಡಕಬೇಕು, ಆಮೇಲೆ ಚಾರ್ಜರ್ ಚುಚ್ಚುವ ತೂತಿನಿಂದ ಕಾಳು ಊದಿ ತೆಗೆಯಬೇಕು. ಅಷ್ಟು ಹೊತ್ತಿಗೆ ಯಾಕೆ ಬಂದೆ ಅನ್ನುವುದೇ ಮರೆತುಹೋಗಿರುತ್ತದೆ. ಈ ಉಪಾಯ ಹೇಳಿಕೊಟ್ಟವಳು ನನ್ನ ಗೆಳತಿ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಗೆಳತಿ ಅಂದೆ, ಆಕೆ ನನ್ನ ಕಂಪನಿಯ ಯಜಮಾನಿಯೂ ಹೌದು. ಹಿರಿಯೂರಿನವಳು. ಚಿತ್ರದುರ್ಗದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದೆವು, ಒಂದೇ ತಟ್ಟೆಯಲ್ಲಿ ಉಂಡದ್ದೂ ಉಂಟು. ಓದು ಮುಗಿದು ಎಷ್ಟೋ ವರ್ಷದ ಮೇಲೆ ಅವಳು ಚಿತ್ರದುರ್ಗದಲ್ಲೇ ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ಕಂಪನಿ ಶುರು ಮಾಡಿದಳು. ಮೊದಲು ಕರೆದದ್ದು ನನ್ನನ್ನು. ಹೊಸದುರ್ಗದ ಮನೆಯಿಂದಲೇ ಕೆಲಸ ಮಾಡುತ್ತೇನೆ, ವಾರಕ್ಕೆರಡು ದಿನ ಬಸ್ಸು ಹತ್ತಿ ಬರುತ್ತೇನೆ ಎಂದೆ. ಒಪ್ಪಿದಳು.

ನನ್ನ ಹುದ್ದೆ ಪ್ರಾಡಕ್ಟ್ ಮ್ಯಾನೇಜರ್. ಹೊಸದುರ್ಗದಲ್ಲಿ ಇದನ್ನು ವಿವರಿಸುವುದು ಒಂದು ಕಷ್ಟ. ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಒಮ್ಮೆ ಕೂತು ಕೇಳಿದರು. ನಾನು ಕೋಡ್ ಬರೆಯುವುದಿಲ್ಲ, ಚಿತ್ರ ಬಿಡಿಸುವುದಿಲ್ಲ, ಮಾರುವುದೂ ಇಲ್ಲ, ಆಪ್‌ನಲ್ಲಿ ಏನಿರಬೇಕು ಏನಿರಬಾರದು ಅಂತ ತೀರ್ಮಾನ ಮಾಡುತ್ತೇನೆ ಎಂದೆ. ಅವರು ಎಲೆ ಅಡಿಕೆ ಜಗಿಯುತ್ತ ಯೋಚಿಸಿ, "ಹಂಗಾರೆ ಗಾರೆ ಮೇಸ್ತ್ರಿ ಇದ್ದಂಗೆ ಬಿಡ್ರಿ. ಕಲ್ಲು ಹೊರಂಗಿಲ್ಲ, ಗಾರೆ ಕಲಸಂಗಿಲ್ಲ, ನಿಂತ್ಕಂಡು ಅದು ಬ್ಯಾಡ ಇದು ಬ್ಯಾಡ ಅನ್ನಾದು" ಅಂದರು. ನಮ್ಮ ಟ್ರೇನಿಂಗುಗಳಲ್ಲೂ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ನಾವು ಮಾಡುತ್ತಿದ್ದದ್ದು ಕುರಿ ಸಾಕುವವರಿಗೆ ಒಂದು ಆಪ್. ಕುರಿಗೆ ಲಸಿಕೆ ಹಾಕುವವರು ಯಾವ ಹಟ್ಟಿಗೆ ಯಾವ ದಿನ ಬರುತ್ತಾರೆ ಅನ್ನುವುದು ಅದರಲ್ಲಿ ತಿಳಿಯಬೇಕು, ಎಷ್ಟು ಲಸಿಕೆ ಬೇಕು ಅಂತ ಹಟ್ಟಿಯವರು ಅದರಲ್ಲೇ ಹೇಳಬೇಕು. ಹೆಚ್ಚಿನವರು ಓದುವವರಲ್ಲವಾದ್ದರಿಂದ ಆಪ್ ಮಾತಾಡಬೇಕು. ಅಷ್ಟೇ. ಆದರೆ 'ಅಷ್ಟೇ' ಅನ್ನುವುದನ್ನು ಅಷ್ಟಕ್ಕೇ ಉಳಿಸಿಕೊಳ್ಳುವುದೇ ನನ್ನ ದಿನನಿತ್ಯದ ಜಗಳ. ಒಬ್ಬರು ಹವಾಮಾನ ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ಸಂತೆಯ ಸುದ್ದಿ, ಮತ್ತೊಬ್ಬರಿಗೆ ಹಬ್ಬದ ಶುಭಾಶಯ ಕುಣಿಯಬೇಕು. ಎಲ್ಲವನ್ನೂ ಕತ್ತರಿಸಿ ಹಾಕುತ್ತಿದ್ದೆ. ಆಫೀಸಿನಲ್ಲಿ ನನಗೆ ಕತ್ತರಿಯಕ್ಕ ಅಂತ ಹೆಸರಿಟ್ಟಿದ್ದರು, ನನಗೂ ಅದು ಒಳಗೊಳಗೇ ಇಷ್ಟವಿತ್ತು. ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದು, ಆ ಸಾಲು ಮುಗಿಯುವವರೆಗೆ ಬೇರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಇದೂ ಗೆಳತಿ ಕಲಿಸಿದ್ದೇ. "ಬೆಳಗ್ಗೆ ಹೊತ್ತು ನಿನ್ನದು ಕಣೆ, ಯಾರಿಗೂ ಕೊಡಬೇಡ, ನನಗೂ ಕೊಡಬೇಡ" ಅಂದಿದ್ದಳು.

ಹಟ್ಟಿಗೆ ಮೊದಲ ಸಲ ಹೋದ ದಿನ ನಾನು ಮಾಡಿದ ಎಡವಟ್ಟು ಹೇಳಬೇಕು. ಹೊಸದುರ್ಗದಿಂದ ಹಿರಿಯೂರಿನ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಆ ಹಟ್ಟಿ. ಅಲ್ಲಿ ಒಬ್ಬ ಅಜ್ಜಿ ಇದ್ದಳು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ತಾನೇ ನೋಡಿಕೊಂಡವಳು, ಹಟ್ಟಿಯಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ. "ಬರ್ರಿ, ಕುಂತ್ಕಳ್ರಿ" ಅಂತ ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ನಾನು ನೋಟ್‌ಬುಕ್ ತೆಗೆದು, "ಎಷ್ಟು ಕುರಿ ಅವೆ ಅಜ್ಜಿ?" ಅಂತ ಕೇಳಿಬಿಟ್ಟೆ.

ಅಲ್ಲೇ ಹಿಟ್ಟು ಕಲಸುತ್ತಿದ್ದ ಅವಳ ಸೊಸೆ ಕೈ ನಿಲ್ಲಿಸಿದಳು. ಅಜ್ಜಿ ನನ್ನನ್ನು ನೋಡಲಿಲ್ಲ, ರೊಪ್ಪದ ಕಡೆ ನೋಡಿದಳು. ರೊಪ್ಪವೆಂದರೆ ಮುಳ್ಳಿನ ಬೇಲಿ ಹಾಕಿ ಕುರಿ ಕೂಡುವ ಜಾಗ.

"ಅದನ್ನ ಕೇಳಬಾರ್ದು ಕಣವ್ವ. ಕುರಿ ಕೇಳ್ಕಂತಾವೆ."

ನಾನೇನು ಹೊರಗಿನವಳಲ್ಲ. ನನ್ನ ತಾಯಿಯ ತಂದೆಗೂ ಕುರಿ ಇದ್ದವು. ಮಂದೆಯನ್ನು ಬಾಯಿಬಿಟ್ಟು ಎಣಿಸಿದರೆ ಅದು ಕರಗುತ್ತದೆ ಅನ್ನುವುದನ್ನು ಕೇಳಿಕೊಂಡೇ ಬೆಳೆದವಳು. ಸಂಜೆ ಮಂದೆ ಹಿಂದಿರುಗಿದಾಗ ತಾತ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ, "ಕರಿಕಿವೀದು ಬಂದಿಲ್ಲ" ಅನ್ನುತ್ತಿದ್ದ. ಬೆರಳು ಮಡಚಿದ್ದನ್ನು ನಾನು ನೋಡಿಲ್ಲ. ಅಂಥವಳು ಒಂದು ನೋಟ್‌ಬುಕ್ ಕೈಗೆ ಬಂದದ್ದೇ ಎಲ್ಲ ಮರೆತು ಎಷ್ಟು ಅಂತ ಕೇಳಿದ್ದೆ. ತಪ್ಪಾಯ್ತು ಅಜ್ಜಿ ಅಂದೆ.

ಅಲ್ಲಿಂದ ನಾಲ್ಕು ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ದಿನವೂ ಒಂದೇ ಸಾಲು ಇತ್ತು: ಎಣಿಸದೆ ಕೇಳುವುದು ಹೇಗೆ? ದೊಡ್ಡ ಮಂದೆ, ಸಣ್ಣ ಮಂದೆ ಅಂತ ಚಿತ್ರ ಮಾಡಿಸಿದೆ. ಎಲ್ಲರೂ ಸಣ್ಣದನ್ನೇ ಒತ್ತಿದರು. ರೊಪ್ಪದ ಅಳತೆ ಕೇಳಿದೆ. ಬೇಲಿ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಕೊನೆಗೆ ದಾರಿ ತೋರಿಸಿದ್ದು ಅಜ್ಜಿಯೇ. ಲಸಿಕೆಯವರು ಹಿಂದೆ ಬಂದಾಗ ಏನಾಯಿತು ಅಂತ ಮಾತಾಡುತ್ತ, "ನಮ್ದಕ್ಕೆ ಒಂದು ಬಾಟ್ಲಿ ಆಗಿ ಮ್ಯಾಲೆ ಸ್ವಲ್ಪ ಹಿಡೀತವ್ವ. ಆಚೆ ಮನೇರಿಗೆ ಎಲ್ಡು ಬಾಟ್ಲಿ ಬೇಕು" ಅಂದಳು. ಎಷ್ಟು ಸಲೀಸಾಗಿ ಅಂದಳೆಂದರೆ, ನಾನು ಮಜ್ಜಿಗೆಯ ಲೋಟ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡೆ. ಕುರಿಯನ್ನು ಎಣಿಸಬಾರದು ಸರಿ, ಬಾಟಲಿಯನ್ನು ಎಣಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ಒಂದು ಬಾಟಲಿ ಎಷ್ಟಕ್ಕೆ ಬರುತ್ತದೆ ಅಂತ ಲಸಿಕೆಯವರಿಗೆ ಗೊತ್ತೇ ಇದೆ.

ಅವತ್ತು ಮಾತು ಕೊಟ್ಟೆ. "ಕುರಿ ಎಷ್ಟು ಅಂತ ನಮ್ಮ ಆಪ್ ಯಾವತ್ತೂ ಕೇಳಲ್ಲ ಅಜ್ಜಿ."

"ನಿನ್ನ ಬಾಯಲ್ಲಿ ಹೇಳ್ದೆಲ್ಲ, ಸಾಕು ಬಿಡು" ಅಂದಳು. ಮರುವಾರ ತಾನೇ ಸುತ್ತಲಿನ ಹಟ್ಟಿಗಳಿಗೆ ಹೋಗಿ, ಈ ಹುಡುಗಿ ನಮ್ಮೋಳು, ಎಣಿಸಂಗಿಲ್ಲ, ಹಾಕ್ಕಳ್ರಿ ಅಂತ ಹೇಳಿ ಬಂದಳು. ನನಗೆ ಆಗ ಮೂವತ್ತೊಂಬತ್ತು, ಆದರೂ ಹುಡುಗಿ.

ಆಪ್‌ಗೆ ದನಿ ಬೇಕಲ್ಲ. ಪೇಟೆಯ ಕನ್ನಡ ಹಟ್ಟಿಯಲ್ಲಿ ನಡೆಯುವುದಿಲ್ಲ ಅಂತ ಗೆಳತಿಯೇ ಹೇಳಿದಳು. "ನಿನ್ನ ದನೀಲೇ ಇರ್ಲಿ ಕಣೆ, ಅವರಿಗೆ ನೀನೇ ಮಾತಾಡ್ಸಿದಂಗೆ ಆಗುತ್ತೆ." ಹಿರಿಯೂರಿನ ಅವಳ ಮನೆಯಲ್ಲಿ, ರಸ್ತೆಯ ಹಾರನ್ ಕೇಳಬಾರದೆಂದು ಕಿಟಕಿಗೆ ಎರಡು ಕಂಬಳಿ ತೂಗುಹಾಕಿ, ಸೆಕೆಯಲ್ಲಿ ಬೆವರುತ್ತ ಎರಡು ದಿನ ರೆಕಾರ್ಡ್ ಮಾಡಿದೆವು. 'ನಿಮ್ಮ ಕುರಿಗೆ ಎಷ್ಟು ಬಾಟ್ಲಿ ಬೇಕು?' 'ನಿಮ್ಮ ಹತ್ರ ಹಳೇ ಬಾಟ್ಲಿ ಅವೆಯಾ?' 'ಸರಿನಾ?' ಲಸಿಕೆಯ ದಿನ ಸಾಲಿನಲ್ಲಿ ನಿಲ್ಲುವವರ ಟೋಕನ್ ಕೂಗಲೆಂದು ಒಂದರಿಂದ ಇನ್ನೂರರವರೆಗೆ ಅಂಕಿಗಳನ್ನೂ ಹೇಳಿದೆ. ನೂರೈವತ್ತು ದಾಟಿದ ಮೇಲೆ ಇಬ್ಬರಿಗೂ ನಗು ತಡೆಯಲಾಗದೆ ಮತ್ತೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಕೊನೆಗೆ ಅವಳು, "ಈಗ ಎಲ್ಲಾ ಪದಗಳನ್ನೂ ಬಿಡಿಬಿಡಿಯಾಗಿ ಒಂದ್ಸಲ ಹೇಳಿಬಿಡು, ಮುಂದೆ ಯಾವಾಗಾದರೂ ಬೇಕಾಗುತ್ತೆ" ಅಂದಳು. ಹೇಳಿದೆ. ನಿಮ್ಮ. ಹತ್ರ. ಎಷ್ಟು. ಕುರಿ. ಅವೆ. ಅವಳು ಎದುರಿಗೆ ಕೂತು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.

ಆಪ್ ಹೊರಬಂದ ದಿನ ಇಬ್ಬರೂ ಹಾಲುರಾಮೇಶ್ವರಕ್ಕೆ ಹೋಗಿ ಕೈ ಮುಗಿದು ಬಂದೆವು. ಅವಳು ಏನು ಬೇಡಿಕೊಂಡಳೋ ಗೊತ್ತಿಲ್ಲ. ನಾನು ಅವಳಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಂಡೆ. ಇದನ್ನು ಬರೆಯುವಾಗ ನನಗೇ ಸಿಟ್ಟು ಬರುತ್ತಿದೆ.

ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಎರಡನೇ ಸಲದ ಲಸಿಕೆಯನ್ನು ನೆನಪಿಸುವ ಕೆಲಸ ಹಿಡಿದೆ. ಅದು ತಲೆ ತಿನ್ನುವ ಕೆಲಸ, ಯಾಕೆಂದರೆ ಮಂದೆ ಇದ್ದಲ್ಲಿ ಇರುವುದಿಲ್ಲ, ಮೇವು ನೋಡಿಕೊಂಡು ಊರೂರು ದಾಟುತ್ತದೆ. ಎರಡು ವಾರ ಯಾವ ಮೀಟಿಂಗಿಗೂ ಕರೆಯಬೇಡ ಅಂತ ಗೆಳತಿಯನ್ನು ಕೇಳಿದೆ. "ಯಾರೂ ನಿನ್ನ ತಂಟೆಗೆ ಬರದಂಗೆ ನಾನು ನೋಡ್ಕೋತೀನಿ" ಅಂದಳು. ಎಷ್ಟು ಒಳ್ಳೆಯ ಯಜಮಾನಿ ಅಂತ ಅವತ್ತು ಮನೆಯಲ್ಲಿ ಹೊಗಳಿದ್ದೆ.

ಎರಡನೇ ವಾರದ ಗುರುವಾರ. ನೋಟ್‌ಬುಕ್ಕಿನ ಸಾಲು ಮುಗಿದು, ಖುಷಿಯಲ್ಲಿ ಹನ್ನೊಂದಕ್ಕೆ ಸರಿಯಾಗಿ ರಾಗಿ ಡಬ್ಬಕ್ಕೆ ಕೈ ಹಾಕಿದೆ. ಅಜ್ಜಿಯ ಸೊಸೆಯ ಮೂರು ಕರೆ ಬಂದು ಹೋಗಿದ್ದವು, ಗೆಳತಿಯದು ಒಂದು. ಸೊಸೆ ಕೊನೆಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು. ಅಡುಗೆಮನೆಯಲ್ಲೇ ನಿಂತು ಕೇಳಿದೆ.

"ಅಕ್ಕಾ, ನೀನು ಕೇಳ್ದೆ ಅಂತ ಎಣಿಸ್ದೆ ಕಣಕ್ಕ. ನೀನೇ ಕೇಳ್ತಿದೀಯ, ಏನೋ ಇರ್ಬೇಕು ಅಂದ್ಕಂಡು ಮಂದೆ ಆಚೆ ಹೊಡೀವಾಗ ಎಣಿಸಿ ಒತ್ತಿಬಿಟ್ಟೆ. ಈಗ ಇದು ಕೂಗ್ತಾನೇ ಐತೆ, ಸರಿ ಅಂತ ಒತ್ತಾಕೂ ಭಯ. ನಿಲ್ಸಾದು ಹೆಂಗಕ್ಕ? ಅತ್ತೆ ಇಲ್ಲೇ ನಿಂತವ್ಳೆ, ಮಾತೇ ಆಡ್ತಿಲ್ಲ."

ಅವಳ ಮಾತಿನ ಹಿಂದೆ ಇನ್ನೊಂದು ದನಿ ಇತ್ತು. ನನ್ನದು. "ನಿಮ್ಮ ಹತ್ರ. ನೂರಾ ಹದಿನೇಳು. ಕುರಿ. ಅವೆ. ಸರಿನಾ?" ಸ್ವಲ್ಪ ಬಿಟ್ಟು ಮತ್ತೆ, "ನಿಮ್ಮ ಹತ್ರ. ನೂರಾ ಹದಿನೇಳು. ಕುರಿ. ಅವೆ. ಸರಿನಾ?" ಉತ್ತರ ಒತ್ತುವವರೆಗೆ ಆಪ್ ಬಿಡದೆ ಕೇಳುತ್ತಿರಬೇಕು ಅಂತ ನಿಯಮ ಮಾಡಿದವಳೂ ನಾನೇ. ನಡುನಡುವೆ ಕುರಿಗಳ ಕೂಗು. ಅವುಗಳ ಎದುರಿಗೇ ಅವುಗಳ ಲೆಕ್ಕವನ್ನು ನಾನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದೆ.

ಸೊಸೆಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಚಿತ್ರದುರ್ಗಕ್ಕೆ ಸಿಕ್ಕಿದ ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಬಸ್ಸು ಕಾಲು ಗಂಟೆ ನಿಂತಿತು, ಡ್ರೈವರ್ ಆರಾಮಾಗಿ ಟೀ ಕುಡಿದ. ಆ ಹೊತ್ತಿಗೂ ನಾನು ಬೇರೆ ಯಾರೋ ಮಾಡಿರಬೇಕು, ಹೊಸದಾಗಿ ಸೇರಿದವರು ತಿಳಿಯದೆ ಮಾಡಿರಬೇಕು, ಗೆಳತಿಗೆ ಗೊತ್ತಾದರೆ ಅವರ ಚರ್ಮ ಸುಲಿಯುತ್ತಾಳೆ ಅಂತಲೇ ಅಂದುಕೊಂಡಿದ್ದೆ.

ಆಫೀಸಿನಲ್ಲಿ ಅವಳು ಒಬ್ಬಳೇ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ನನ್ನ ಮುಖ ನೋಡಿದವಳೇ ಮುಚ್ಚಳ ಮತ್ತೆ ಮುಚ್ಚಿದಳು.

"ಲಸಿಕೆ ಕಳಿಸೋರು ಬಾಟ್ಲಿ ಲೆಕ್ಕ ಒಪ್ಪಲ್ಲ ಅಂದ್ರು ಕಣೆ. ಕುರಿ ಎಷ್ಟು ಅಂತಲೇ ಬೇಕಂತೆ. ಇಲ್ಲಾಂದ್ರೆ ಈ ಸಲ ನಮ್ಮ ಹಟ್ಟಿಗಳನ್ನ ಪಟ್ಟಿಗೇ ಸೇರಿಸಲ್ಲ ಅಂದ್ರು. ಮಳೆಗಾಲಕ್ಕೆ ಲಸಿಕೆ ಬರೋದು ಮುಖ್ಯನೋ, ಎಣಿಸಬಾರ್ದು ಅನ್ನೋದು ಮುಖ್ಯನೋ?"

ಅದು ತೆಗೆದುಹಾಕುವ ಮಾತಾಗಿರಲಿಲ್ಲ. ಎದುರಿಗೆ ಕೂತು ಹೇಳಿದ್ದರೆ ಅವತ್ತೇ ಅಜ್ಜಿಯ ಹತ್ತಿರ ಹೋಗುತ್ತಿದ್ದೆ, ಅವಳೇ ಇನ್ನೊಂದು ದಾರಿ ಹುಡುಕಿಕೊಡುತ್ತಿದ್ದಳು. "ನನಗೆ ಯಾಕೆ ಹೇಳ್ಲಿಲ್ಲ?" ಅಂದೆ.

"ಫೋನ್ ಮಾಡ್ದೆ. ನೀನು ತೆಗೀಲಿಲ್ಲ."

"ಎಷ್ಟು ಹೊತ್ತಿಗೆ?"

"ಒಂಬತ್ತಕ್ಕೆ."

"ಒಂಬತ್ತಕ್ಕೆ ನನ್ನ ಫೋನು ಎಲ್ಲಿರುತ್ತೆ?"

ಅವಳು ಡಬ್ಬಿಯ ಮೇಲೆ ಬೆರಳಾಡಿಸಿದಳು. ನಾನು ಬಿಡಲಿಲ್ಲ. ಎಲ್ಲಿರುತ್ತೆ ಹೇಳು ಅಂದೆ. ಕೊನೆಗೆ, "ಮಧ್ಯಾಹ್ನ ಮಾಡಿದ್ರೆ ನೀನು ಬೇಡ ಅಂತಿದ್ದೆ" ಅಂದಳು.

ಇಪ್ಪತ್ತು ವರ್ಷ ದಾಟಿದ ಗೆಳೆತನ ಅಷ್ಟರಲ್ಲೇ ಮುಗಿಯಿತು. ಪ್ರಶ್ನೆ ಹಾಕಿದ್ದನ್ನು ಒಂದು ದಿನ ಮರೆಯುತ್ತಿದ್ದೆನೇನೋ. ಆದರೆ ಇವಳು ನನಗೆ ಕಲಿಸಿದ ಗಂಟೆಯನ್ನೇ ಹುಡುಕಿ, ಆ ಕರೆಯನ್ನು ನಾನು ತೆಗೆಯುವುದಿಲ್ಲ ಅಂತ ತಿಳಿದೇ ಮಾಡಿ, ಕಂಬಳಿ ಕಟ್ಟಿದ ಕೋಣೆಯಲ್ಲಿ ನಕ್ಕು ನಕ್ಕು ಹೇಳಿದ ನನ್ನ ಬಿಡಿ ಪದಗಳನ್ನು ಹೊಲಿದು ನಾನು ಸತ್ತರೂ ಕೇಳದ ಮಾತನ್ನು ನನ್ನ ಬಾಯಿಂದಲೇ ಕೇಳಿಸಿದ್ದಳು. ಆಫೀಸೆಲ್ಲ ನನ್ನನ್ನು ಕತ್ತರಿಯಕ್ಕ ಅನ್ನುತ್ತಿತ್ತು, ನಿಜವಾದ ಕತ್ತರಿ ಇವಳ ಕೈಯಲ್ಲಿತ್ತು. ನನ್ನ ದನಿಯನ್ನಾದರೂ ತೆಗಿ ಅಂದೆ. ಸಂಜೆಯೊಳಗೆ ತೆಗೆಸುತ್ತೇನೆ ಅಂದಳು, ತೆಗೆಸಿದಳು ಕೂಡ. ಪ್ರಶ್ನೆ ಹಾಗೇ ಉಳಿಯಿತು, ಯಾವುದೋ ಯಂತ್ರದ ದನಿ ಬಂತು. ನಾನು ಅವತ್ತೇ ಬ್ಯಾಗು ಎತ್ತಿಕೊಂಡು ಬಂದೆ.

ಶನಿವಾರ ಹಟ್ಟಿಗೆ ಹೋದೆ. ಬಸ್ಸಿಳಿದು ನಡೆಯುವಾಗ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಕೆಲಸ ಹೋದರೆ ಹೋಗಲಿ, ಗೆಳತಿ ಹೋದರೆ ಹೋಗಲಿ, ಈ ಅಜ್ಜಿ ಮಾತ್ರ ನಾನು ಮಾತಿಗೆ ತಪ್ಪಿದವಳು ಅಂದುಕೊಳ್ಳಬಾರದು. ನನಗೆ ಬೇಕಾಗಿದ್ದು ಅಷ್ಟೇ.

ಅಜ್ಜಿ ರೊಪ್ಪದ ಬೇಲಿಗೆ ಮುಳ್ಳು ಸಿಗಿಸುತ್ತಿದ್ದಳು. ಮಂದೆ ಒಳಗೇ ಇತ್ತು, ಅವತ್ತು ಮೇಯಲು ಬಿಟ್ಟಿರಲಿಲ್ಲ. ಅವಳು ಬರ್ರಿ ಅನ್ನಲಿಲ್ಲ. ಕಂಬಳಿಯೂ ಹಾಸಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಪದಗಳನ್ನು ಬಿಡಿಯಾಗಿ ಹೇಳಿಸಿಕೊಂಡದ್ದು, ನನಗೆ ತಿಳಿಯದ ಹೊತ್ತಿನಲ್ಲಿ ಜೋಡಿಸಿದ್ದು, ಫೋನು ರಾಗಿಯೊಳಗಿದ್ದದ್ದು. ಹೇಳುತ್ತ ಹೇಳುತ್ತ ಅಳು ಬಂತು, ತಡೆಯಲಿಲ್ಲ.

ಅಜ್ಜಿ ಮುಳ್ಳು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಮಾತನ್ನ ಕುಯ್ದು ಹೊಲೀಬೋದೇನವ್ವ?"

"ಹೊಲೀತಾರೆ ಅಜ್ಜಿ."

"ನೀ ಕೇಳಿಲ್ಲ ಹಂಗಾರೆ."

"ಇಲ್ಲ ಅಜ್ಜಿ. ನಿಮ್ಮಾಣೆ ಇಲ್ಲ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು, ಸಂಜೆ ಮಂದೆ ಬಂದಾಗ ಒಂದೊಂದರ ಮುಖ ನೋಡುವ ಹಾಗೆ. "ಆಗ್ಲಿ" ಅಂದಳು. ಸೊಸೆಗೆ ಸನ್ನೆ ಮಾಡಿದಳು, ಅವಳು ಕಂಬಳಿ ತಂದು ಹಾಸಿದಳು. "ಕುಂತ್ಕ" ಅಂದಳು ಅಜ್ಜಿ. ನಾನು ಕೂತೆ. ಮೂರು ದಿನದಲ್ಲಿ ಮೊದಲ ಸಲ ನನ್ನ ಭುಜ ಹಗುರಾಯಿತು. ಮಜ್ಜಿಗೆ ಬಂತು. ಅಜ್ಜಿ ನನ್ನ ಪಕ್ಕಕ್ಕೇ ಕೂತು, ದನಿ ತಗ್ಗಿಸಿ ಹೇಳತೊಡಗಿದಳು.

"ಅದು ಕೂಗಿದ ಲೆಕ್ಕ ಮಂದೆ ಮ್ಯಾಲೆ ನಿಲ್ಬಾರ್ದು ನೋಡು. ಅದನ್ನ ಸುಳ್ಳು ಮಾಡಬೇಕು. ಅದ್ಕೇ ಅವತ್ತೇ ಮಗಳ ಹಟ್ಟಿಗೆ ಒಂದಷ್ಟು ಅಟ್ಟಿಬಿಟ್ಟೆ. ಒಳ್ಳೊಳ್ಳೇವೇ ಹೋದ್ವು. ನಾ ಎತ್ತಿ ಬೆಳೆಸಿದ್ದ ಬಿಳೀದೂ ಹೋತು. ಹೋಗ್ಲಿ ಬಿಡು, ಈಗ ಅದು ಹೇಳಿದ್ದು ಸುಳ್ಳು. ಇನ್ನೇನೂ ಭಯ ಇಲ್ಲ."

ನನ್ನ ದನಿಯಿಂದಾಗಿ ಅವಳು ಕೈಯಾರೆ ಬೆಳೆಸಿದ್ದನ್ನು ಅಟ್ಟಿದ್ದಾಳೆ. ಏನಾದರೂ ಮಾಡಬೇಕು, ಸರಿಮಾಡಬೇಕು ಅನ್ನಿಸಿತು. ನನಗೆ ಸರಿಮಾಡುವುದು ಅಂದರೆ ಮೊದಲು ತಿಳಿದುಕೊಳ್ಳುವುದು, ತಿಳಿದುಕೊಳ್ಳುವುದು ಅಂದರೆ ಕೇಳುವುದು. ಎಷ್ಟೋ ವರ್ಷ ಅದೇ ಕೆಲಸ ಮಾಡಿದ ಬಾಯಿ. ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದೇ ಕೇಳಿಬಿಟ್ಟೆ.

"ಎಷ್ಟು ಕುರಿ ಅಜ್ಜಿ?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ರೊಪ್ಪದೊಳಗೆ ಒಂದು ಮರಿ ಕೂಗಿತು. ಅಜ್ಜಿ ಬೈಯಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಮೆಲ್ಲಗೆ ಎದ್ದು, ನನಗೂ ರೊಪ್ಪದ ಬಾಗಿಲಿಗೂ ನಡುವೆ ಹೋಗಿ ನಿಂತಳು.

"ಇದೇ ದನಿ ಕಣವ್ವ" ಅಂದಳು. "ಅವತ್ತು ಕೇಳಿದ್ದೂ ಇದೇ ದನಿ."